ಮತರ್, ಮತರ್, ಮತರ್: ಬಸ್ರಾದ ಕವಿಯ ಬಗ್ಗೆ ಓದುಗರ ಪ್ರಶ್ನೆಗಳು

ಆಷಾಢದ ಸಂಚಿಕೆಯಲ್ಲಿ ಮಳೆಯ ಕವಿತೆಗಳ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ಇರಾಕಿನ ಕವಿ ಬದ್ರ್ ಶಾಕಿರ್ ಅಲ್ ಸಯ್ಯಾಬ್ ಅವರ ‘ಮಳೆಯ ಹಾಡು’ ಎಂಬ ಅರಬ್ಬಿ ಕವಿತೆಯನ್ನು ಒಂದೇ ವಾಕ್ಯದಲ್ಲಿ ಹೆಸರಿಸಿ ಮುಂದೆ ಹೋಗಿದ್ದೆ. ಆ ಒಂದು ವಾಕ್ಯವನ್ನು ಹಿಡಿದುಕೊಂಡು ಮಲೆನಾಡಿನ ನಾಲ್ಕು ಕಡೆಗಳಿಂದ ಪತ್ರಗಳು ಬಂದಿವೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇನೆ. ಅರಬ್ಬಿ ಬಲ್ಲ ಹಿರಿಯ ಸ್ನೇಹಿತರೊಬ್ಬರು ಶಿವಮೊಗ್ಗದಲ್ಲಿದ್ದಾರೆ. ಅವರ ಪಕ್ಕದಲ್ಲಿ ಕುಳಿತು, ಇಂಗ್ಲಿಷ್ ಅನುವಾದಗಳನ್ನು ಎದುರಿಗಿಟ್ಟುಕೊಂಡು, ಮೂಲವನ್ನು ಪದಪದವಾಗಿ ಬಿಡಿಸಿ ಕೇಳಿ ತಿಳಿದುಕೊಂಡದ್ದು ನನ್ನ ಓದು. ಆದ್ದರಿಂದ ಇಲ್ಲಿ ಕನ್ನಡದಲ್ಲಿ ಬರುವ ಕವಿತೆಯ ಮಾತುಗಳನ್ನು ಭಾವಾರ್ಥವೆಂದೇ ತಿಳಿಯಬೇಕು.

ಪ್ರಶ್ನೆ (ತೀರ್ಥಹಳ್ಳಿಯ ನಿವೃತ್ತ ಶಿಕ್ಷಕಿಯೊಬ್ಬರಿಂದ): ಈ ಸಯ್ಯಾಬ್ ಯಾರು? ಯಾವ ಊರಿನವರು, ಏನು ಕೆಲಸ ಮಾಡುತ್ತಿದ್ದರು? ಕವಿಯ ಬದುಕು ತಿಳಿಯದೆ ಕವಿತೆಯ ಒಳಗೆ ಹೋಗುವುದು ನನಗೆ ಕಷ್ಟ.

ಉತ್ತರ: ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುವಂತೆ ಇರಾಕಿನ ದಕ್ಷಿಣದಲ್ಲಿ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಸೇರಿ, ಶತ್ತುಲ್ ಅರಬ್ ಎಂಬ ಹೆಸರಿನಲ್ಲಿ ಬಸ್ರಾ ನಗರವನ್ನು ಹಾದು ಕೊಲ್ಲಿಗೆ ಇಳಿಯುತ್ತವೆ. ಆ ನದಿಯ ದಂಡೆಯಲ್ಲಿ, ಅಬುಲ್ ಖಸೀಬ್ ಎಂಬ ಊರಿಗೆ ಸೇರಿದಂತೆ, ಖರ್ಜೂರದ ತೋಟಗಳ ನಡುವೆ ಜೈಕೂರ್ ಎಂಬ ಪುಟ್ಟ ಹಳ್ಳಿಯಿದೆ. ಸಯ್ಯಾಬ್ ಹುಟ್ಟಿದ್ದು ಅಲ್ಲಿ, 1926ರಲ್ಲಿ. ಅವರ ತಂದೆ ಖರ್ಜೂರದ ಕೃಷಿ ಮಾಡುತ್ತಿದ್ದರು. ಆ ತೋಟಗಳಿಗೆ ನೀರು ಹರಿಯುವ ಬಗೆಯನ್ನು ನಮ್ಮ ತೋಟದವರು ಕೇಳಿದರೆ ಬೆರಗಾಗುತ್ತಾರೆ. ಸಮುದ್ರದಲ್ಲಿ ಉಬ್ಬರ ಬಂದಾಗ ನದಿಯ ಸಿಹಿನೀರು ಹಿಂದಕ್ಕೆ ತಳ್ಳಲ್ಪಟ್ಟು ಮೇಲೇರಿ, ಕವಲುಗಾಲುವೆಗಳಲ್ಲಿ ನುಗ್ಗಿ ಮರದ ಬುಡ ಮುಟ್ಟುತ್ತದೆ. ಇಳಿತದಲ್ಲಿ ತಾನಾಗಿಯೇ ಬಸಿದು ಹೋಗುತ್ತದೆ. ದಿನಕ್ಕೆ ಎರಡು ಬಾರಿ ಹೀಗೆ ನಡೆಯುತ್ತದೆ. ಅಂಥ ಕಾಲುವೆಗಳಲ್ಲಿ ಒಂದು ಬುವೈಬ್. ಅರಬ್ಬಿಯಲ್ಲಿ ‘ಬಾಬ್’ ಎಂದರೆ ಬಾಗಿಲು, ‘ಬುವೈಬ್’ ಎಂದರೆ ಪುಟ್ಟ ಬಾಗಿಲು. ಹಾರಿ ದಾಟಬಹುದಾದ ಹಳ್ಳದಂಥ ಈ ಕಾಲುವೆಯನ್ನು ಸಯ್ಯಾಬ್ ತಮ್ಮ ಕವಿತೆಗಳಲ್ಲಿ ನದಿಯೆಂದೇ ಕರೆದರು, ಮತ್ತು ಇಂದು ಅರಬ್ಬಿ ಕವಿತೆ ಓದುವವರಲ್ಲಿ ಬುವೈಬ್ ಹೆಸರನ್ನು ಕೇಳದವರಿಲ್ಲ.

ಆರು ವರ್ಷದವರಿದ್ದಾಗ, 1932ರಲ್ಲಿ, ಅವರ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ತಂದೆ ಮರುಮದುವೆಯಾದರು, ಹುಡುಗ ಅಜ್ಜಿಯ ಮಡಿಲಿಗೆ ಬಂದ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ‘ಮಳೆಯ ಹಾಡಿ’ಗೆ ಬಂದಾಗ ಬೇಕಾಗುತ್ತದೆ. 1943ರಲ್ಲಿ ಬಾಗ್ದಾದಿಗೆ ಹೋಗಿ ಅಲ್ಲಿನ ಉನ್ನತ ಶಿಕ್ಷಕರ ತರಬೇತಿ ಕಾಲೇಜಿಗೆ ಸೇರಿದ ಅವರು ಮೊದಲು ಅರಬ್ಬಿ ಸಾಹಿತ್ಯವನ್ನೂ ಬಳಿಕ ಇಂಗ್ಲಿಷ್ ಸಾಹಿತ್ಯವನ್ನೂ ಓದಿ 1948ರಲ್ಲಿ ಹೊರಬಂದರು. ರಮಾದಿ ಎಂಬ ಊರಿನಲ್ಲಿ ಇಂಗ್ಲಿಷ್ ಮೇಷ್ಟರಾಗಿ ಕೆಲವೇ ತಿಂಗಳು ಕಳೆಯುವಷ್ಟರಲ್ಲಿ, ಕಮ್ಯುನಿಸ್ಟ್ ಪಕ್ಷದವರೆಂಬ ಕಾರಣಕ್ಕೆ ಕೆಲಸದಿಂದ ವಜಾಗೊಂಡು ಜೈಲು ಕಂಡರು. ಆಮೇಲೆ ಹೊಟ್ಟೆಪಾಡಿಗೆ ಸಿಕ್ಕ ಕೆಲಸಗಳಲ್ಲಿ ಒಂದು, ಬಸ್ರಾದ ಖರ್ಜೂರದ ಕಂಪನಿಯಲ್ಲಿ ಹಣ್ಣಿನ ರುಚಿ ನೋಡುವುದು. ಅಡಿಕೆ ಮಂಡಿಯಲ್ಲಿ ಒಂದು ಗೋಟನ್ನು ಒಡೆದು ನೋಡಿ ಮಾಲಿನ ಗುಣ ಹೇಳುವವರನ್ನು ಬಲ್ಲ ನಮಗೆ ಆ ಕೆಲಸ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. 1952ರ ಕೊನೆಯಲ್ಲಿ ಬಾಗ್ದಾದಿನಲ್ಲಿ ದಂಗೆಯಾಗಿ ಬಂಧನಗಳು ಶುರುವಾದಾಗ ಅವರು ಇರಾನಿಗೆ ದಾಟಿ, ಅಲ್ಲಿಂದ ಕುವೈತಿಗೆ ಹೋಗಿ ತಲೆಮರೆಸಿಕೊಂಡರು. ಎದುರು ದಡದಲ್ಲೇ ತಮ್ಮ ನಾಡಿದ್ದರೂ ಹೋಗಲಾಗದ ಆ ದಿನಗಳ ‘ಕೊಲ್ಲಿಯ ದಂಡೆಯ ಪರದೇಶಿ’ ಎಂಬ ಕವಿತೆಯಲ್ಲಿ, ಹಡಗುಗಳು ಪ್ರಯಾಣಿಕರಿಂದ ಕೂಲಿ ಕೇಳದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಹಂಬಲ ಬರುತ್ತದೆ. ಅದೇ ಕವಿತೆಯಲ್ಲಿ, ತನ್ನ ನಾಡಿನ ಬಿಸಿಲು ಬೇರೆಡೆಯ ಬಿಸಿಲಿಗಿಂತ ಚೆಲುವು, ಅಲ್ಲಿನ ಕತ್ತಲೆ ಕೂಡ ಚೆಲುವು, ಏಕೆಂದರೆ ಅದು ಇರಾಕನ್ನು ಅಪ್ಪಿಕೊಂಡಿದೆ ಎನ್ನುತ್ತಾರೆ.

ಪ್ರಶ್ನೆ (ಸಾಗರದ ಪದವಿ ವಿದ್ಯಾರ್ಥಿಯೊಬ್ಬರಿಂದ): ಅರಬ್ಬಿಯಲ್ಲಿ ಮುಕ್ತಛಂದಸ್ಸನ್ನು ಮೊದಲು ಬರೆದವರು ಸಯ್ಯಾಬ್ ಎಂದು ಒಂದು ಕಡೆ, ನಾಜಿಕ್ ಅಲ್ ಮಲಾಇಕಾ ಎಂಬ ಕವಯಿತ್ರಿ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?

ಉತ್ತರ: ದಿನಾಂಕಗಳನ್ನು ಮಾತ್ರ ನೋಡಿದರೆ ಹೀಗಿದೆ. ಸಯ್ಯಾಬ್ ಅವರ ಮೊದಲ ಸಂಕಲನ ‘ಬಾಡಿದ ಹೂಗಳು’ 1947ರಲ್ಲಿ ಕೈರೋದಲ್ಲಿ ಅಚ್ಚಾಯಿತು. ಅದರಲ್ಲಿರುವ ‘ಅದು ಪ್ರೀತಿಯಾಗಿತ್ತೇ’ ಎಂಬ ಕವಿತೆಯ ಕೆಳಗೆ 1946ರ ನವೆಂಬರ್ ಎಂದಿದೆ. ನಾಜಿಕ್ ಅವರು ಈಜಿಪ್ಟಿನಲ್ಲಿ ಹಬ್ಬಿದ ಕಾಲರಾದ ಸುದ್ದಿ ಕೇಳಿ ‘ಕಾಲರಾ’ ಕವಿತೆ ಬರೆದದ್ದು 1947ರ ಅಕ್ಟೋಬರಿನಲ್ಲಿ. ಇವರಿಬ್ಬರಿಗಿಂತ ಮೊದಲೇ, ಅಲಿ ಅಹ್ಮದ್ ಬಾಕಸೀರ್ ಎಂಬ ಲೇಖಕರು 1940ರಲ್ಲಿ ಪ್ರಕಟವಾದ ತಮ್ಮ ನಾಟಕವೊಂದರಲ್ಲಿ ಇಂಥ ಪ್ರಯೋಗ ಮಾಡಿದ್ದರು. ನನ್ನ ಮಟ್ಟಿಗೆ ಹೇಳುವುದಾದರೆ ತಿಂಗಳುಗಳ ಲೆಕ್ಕ ಹಿಡಿದು ಜಗಳವಾಡುವುದರಲ್ಲಿ ಹುರುಳಿಲ್ಲ. ಇಬ್ಬರೂ ಬಾಗ್ದಾದಿನ ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ಗಾಳಿಯನ್ನು ಉಸಿರಾಡಿದವರು. ಹೊಸ ಛಂದಸ್ಸಿಗೆ ತರ್ಕವನ್ನು ಕೊಟ್ಟವರು ನಾಜಿಕ್. 1949ರ ತಮ್ಮ ಸಂಕಲನದ ಮುನ್ನುಡಿಯಲ್ಲಿ ಅವರು ಅದನ್ನು ವಾದಿಸಿ ಸ್ಥಾಪಿಸಿದರು. ಅದಕ್ಕೆ ಉಸಿರು ಕೊಟ್ಟವರು ಸಯ್ಯಾಬ್.

ಆದರೆ ನಿಮ್ಮ ಪ್ರಶ್ನೆಯಲ್ಲಿರುವ ‘ಮುಕ್ತ’ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಅರಬ್ಬಿಯ ಹಳೆಯ ಕವಿತೆಯಲ್ಲಿ ಪ್ರತಿಯೊಂದು ಸಾಲೂ ಎರಡು ಸಮ ಭಾಗಗಳಾಗಿ ಒಡೆಯುತ್ತದೆ, ಕವಿತೆ ಹತ್ತು ಸಾಲಿನದಾಗಲಿ ನೂರು ಸಾಲಿನದಾಗಲಿ ಛಂದಸ್ಸು ಒಂದೇ, ಸಾಲಿನ ಕೊನೆಯ ಪ್ರಾಸವೂ ಒಂದೇ. ಈ ಛಂದಸ್ಸುಗಳನ್ನೆಲ್ಲ ಎಂಟನೆಯ ಶತಮಾನದಲ್ಲಿ ಮೊದಲ ಬಾರಿಗೆ ಲಕ್ಷಣ ಕಟ್ಟಿ ವಿಂಗಡಿಸಿದ ಪಂಡಿತ ಖಲೀಲ್ ಇಬ್ನ್ ಅಹ್ಮದ್ ಬಾಳಿದ್ದು ಬಸ್ರಾದಲ್ಲಿ. ಸಾವಿರದ ಇನ್ನೂರು ವರ್ಷಗಳ ಬಳಿಕ ಅದನ್ನು ಸಡಿಲಿಸಿದ ಕವಿಯೂ ಬಸ್ರಾ ಸೀಮೆಯವರೇ ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಸಯ್ಯಾಬ್ ಮಾಡಿದ್ದು ಗಣವನ್ನು ಬಿಡುವುದಲ್ಲ. ಗಣವನ್ನು ಉಳಿಸಿಕೊಂಡು ಸಾಲಿನ ಅಳತೆಯನ್ನು ಬಿಡುವುದು. ‘ಮಳೆಯ ಹಾಡು’ ರಜಜ್ ಎಂಬ ಛಂದಸ್ಸಿನಲ್ಲಿದೆ. ಅದರ ಗಣವನ್ನು ಅರಬರು ‘ಮುಸ್ತಫ್‌ಇಲುನ್’ ಎಂಬ ಗುರುತಿನ ಪದದಿಂದ ಹೇಳುತ್ತಾರೆ: ಗುರು, ಗುರು, ಲಘು, ಗುರು. ನಮ್ಮ ಲೆಕ್ಕದಲ್ಲಿ ಏಳು ಮಾತ್ರೆ. ಮಾತು ಬೇಡಿದಷ್ಟು ಗಣಗಳನ್ನು ಒಂದು ಸಾಲಿನಲ್ಲಿ ಇಡುವುದು, ಉಸಿರು ನಿಂತಲ್ಲಿ ಸಾಲನ್ನು ನಿಲ್ಲಿಸುವುದು, ಇಷ್ಟೇ ಅವರು ಪಡೆದ ಸ್ವಾತಂತ್ರ್ಯ. ಷಟ್ಪದಿಯ ಗಣಗಳು ಕಿವಿಯಲ್ಲಿ ಕೂತಿರುವ ಓದುಗನಿಗೆ ನಮ್ಮ ನವ್ಯ ಕವಿತೆಯಲ್ಲೂ ಗಣದ ಮಿಡಿತ ಕೇಳಿಸುತ್ತದಲ್ಲ, ಅದೇ ಬಗೆಯ ಸಂಗತಿ ಇದು.

ನಿಮ್ಮ ಊರಿಗೆ ಹತ್ತಿರದ ಒಂದು ಮಾತನ್ನೂ ಸೇರಿಸುತ್ತೇನೆ. ‘ಮಳೆಯ ಹಾಡು’ ಬೈರೂತಿನ ‘ಅಲ್ ಆದಾಬ್’ ಪತ್ರಿಕೆಯಲ್ಲಿ ಬಂದದ್ದು 1954ರಲ್ಲಿ. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಪ್ರಕಟವಾದದ್ದೂ ಅದೇ ವರ್ಷ. ಅಡಿಗರು 1960ರ ದಶಕದಲ್ಲಿ ಸಾಗರದ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದುದನ್ನು ನಿಮ್ಮ ಊರಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಒಬ್ಬರನ್ನೊಬ್ಬರು ಕಾಣದ ಎರಡು ಭಾಷೆಗಳ ಇಬ್ಬರು ಇಂಗ್ಲಿಷ್ ಮೇಷ್ಟರುಗಳು, ಇಂಗ್ಲಿಷ್ ಕವಿ ಎಲಿಯಟ್‌ನನ್ನು ಓದಿ ಅರಗಿಸಿಕೊಂಡು, ತಮ್ಮ ತಮ್ಮ ಭಾಷೆಯ ಹಳೆಯ ಲಯವನ್ನು ಒಳಗಿನಿಂದಲೇ ತಿರುಗಿಸಿದ್ದು ಒಂದೇ ಹೊತ್ತಿನಲ್ಲಿ. ನೀವು ಮುಂದೆ ಸಂಶೋಧನೆ ಮಾಡುವುದಾದರೆ ಇಲ್ಲಿ ಒಳ್ಳೆಯ ವಿಷಯವಿದೆ.

ಪ್ರಶ್ನೆ (ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರಿಂದ): ಆಶ್ಲೇಷ ಮಳೆ ಎಡೆಬಿಡದೆ ಹಿಡಿದರೆ ಕೊಳೆರೋಗ ಬಂದು ಗೊನೆಯೆಲ್ಲ ಉದುರಿ ಹೋಗುವ ನಮಗೆ ಮಳೆಯೆಂದರೆ ಅರ್ಧ ಸಂತೋಷ, ಅರ್ಧ ಭಯ. ಆದರೆ ಅರಬ್ಬರ ನಾಡಿನಲ್ಲಿ ಮಳೆ ಬಂದರೆ ಹಬ್ಬವಾಗಬೇಕಲ್ಲವೇ? ಆ ಕವಿತೆಯಲ್ಲಿ ಮಳೆ ದುಃಖ ತರುತ್ತದೆ ಎಂದು ತಾವು ಬರೆದಿದ್ದಿರಿ. ಅದು ಹೇಗೆ?

ಉತ್ತರ: ತಮ್ಮ ಪತ್ರವನ್ನು ಓದಿದ ದಿನ ಇಲ್ಲಿಯೂ ಮಳೆ ಹಿಡಿದಿತ್ತು. ಪ್ರಶ್ನೆ ಎಷ್ಟು ಸರಿಯಾದದ್ದೆಂದರೆ ಆ ಕವಿತೆಯ ಬಾಗಿಲೇ ಅದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಬಸ್ರಾದಲ್ಲಿ ಸುಮಾರು 150 ಮಿಲಿಮೀಟರ್, ಅದೂ ಚಳಿಗಾಲದಲ್ಲಿ. ಅಷ್ಟು ಕಡಿಮೆ ಮಳೆ ಬೀಳುವ ಕಡೆ ಕವಿ ಅದನ್ನು ಕುಣಿದು ಸ್ವಾಗತಿಸಬೇಕು. ಕವಿತೆ ಶುರುವಾಗುವುದೂ ಹಾಗೆಯೇ. ನಸುಕಿನ ಹೊತ್ತಿನ ಎರಡು ಖರ್ಜೂರದ ತೋಟಗಳಂತಿರುವ ಕಣ್ಣುಗಳು, ಆ ಕಣ್ಣು ನಕ್ಕರೆ ಚಿಗುರುವ ದ್ರಾಕ್ಷಿ ಬಳ್ಳಿಗಳು, ಹೊಳೆಯ ನೀರಿನಲ್ಲಿ ಚಂದ್ರಬಿಂಬದಂತೆ ಕುಣಿಯುವ ಬೆಳಕು. ಪ್ರೇಮಗೀತೆಯೆಂದುಕೊಂಡು ಓದುತ್ತಿರುವಾಗ ಆ ಕಣ್ಣುಗಳಲ್ಲಿ ಮಂಜು ಕವಿಯುತ್ತದೆ, ಮೋಡ ಮಳೆಯಾಗಿ ಕರಗುತ್ತದೆ, ಮತ್ತು ಒಂದು ಪದ ಬೀಳತೊಡಗುತ್ತದೆ: ಮತರ್. ಮಳೆ. ಒಂದು ಲಘು, ಒಂದು ಗುರು. ಮತ್ತೆ ಮತರ್. ಮತ್ತೊಮ್ಮೆ ಮತರ್. ಒಂದು ಪದವೇ ಒಂದು ಸಾಲು. ಹಳೆಯ ಛಂದಸ್ಸಿನಲ್ಲಿ ಇದು ಸಾಧ್ಯವೇ ಇರಲಿಲ್ಲ.

ಅಲ್ಲಿಗೆ ಒಂದು ಮಗು ಬರುತ್ತದೆ. ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಅವನ ತಾಯಿ ಇರಲಿಲ್ಲ. ಬಿಡದೆ ಕೇಳಿದಾಗ ಮನೆಯವರು ‘ನಾಡಿದ್ದು ಬರುತ್ತಾಳೆ’ ಎಂದರು. ಅರಬ್ಬಿಯ ಆ ಮಾತನ್ನು ಸ್ನೇಹಿತರು ‘ನಾಳೆಯ ಬಳಿಕ’ ಎಂದು ಬಿಡಿಸಿದಾಗ ನನ್ನ ಬಾಯಿಗೆ ತಾನಾಗಿ ಬಂದದ್ದು ‘ನಾಡಿದ್ದು’. ಮಕ್ಕಳನ್ನು ಸುಮ್ಮನಿರಿಸಲು ನಮ್ಮ ಮನೆಗಳಲ್ಲಿ ‘ನಾಳೆ’ ಎನ್ನುವುದಿಲ್ಲ, ನಾಳೆ ಬೇಗ ಬಂದುಬಿಡುತ್ತದೆ, ‘ನಾಡಿದ್ದು’ ಎನ್ನುತ್ತೇವೆ. ಆದರೆ ಮಗುವಿನ ಜೊತೆಗಾರರು ಪಿಸುಗುಡುತ್ತಾರೆ: ಅವಳು ಅಲ್ಲಿ, ಗುಡ್ಡದ ಮಗ್ಗುಲಲ್ಲಿ ಮಲಗಿದ್ದಾಳೆ, ತನ್ನ ಮೇಲಿನ ಮಣ್ಣನ್ನು ಮುಕ್ಕುತ್ತಾಳೆ, ಮಳೆಯನ್ನು ಕುಡಿಯುತ್ತಾಳೆ. ಆರನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವರು ಬರೆದ ಸಾಲು ಇದು. ಆ ಮಗುವಿಗೆ ಮಳೆಯೆಂದರೆ ತಾಯಿಯ ಬಾಯಿಗೆ ಹೋಗುವ ನೀರು. ಮಳೆ ಎಂಥ ದುಃಖವನ್ನು ಕಳಿಸುತ್ತದೆ ಗೊತ್ತೇ, ಸುರಿದಾಗ ಸೂರಿನ ದೋಣಿಗಳು ಹೇಗೆ ಬಿಕ್ಕುತ್ತವೆ ಗೊತ್ತೇ ಎಂದು ಕವಿ ಕೇಳುವುದು ಇದಾದ ಮೇಲೆ. ಇಡೀ ರಾತ್ರಿ ದಂಬೆಯಿಂದ ಅಂಗಳಕ್ಕೆ ನೀರು ಬೀಳುವ ಸದ್ದನ್ನು ಒಬ್ಬಂಟಿಯಾಗಿ ಕೇಳಿದವರಿಗೆ ಈ ಪ್ರಶ್ನೆಗೆ ಅರ್ಥ ಹೇಳಬೇಕಾಗಿಲ್ಲ.

ಇದು ದುಃಖದ ಒಂದು ಪದರ. ಇನ್ನೊಂದು ಪದರ ಹಸಿವಿನದು. ನಾವು ಚಿಕ್ಕವರಿದ್ದಾಗಿನಿಂದ ಚಳಿಗಾಲದಲ್ಲಿ ಮೋಡ ಕಟ್ಟುತ್ತಿತ್ತು, ಮಳೆ ಸುರಿಯುತ್ತಿತ್ತು, ಪ್ರತಿ ವರ್ಷ ನೆಲ ಹಸಿರಾದಾಗ ನಾವು ಹಸಿಯುತ್ತಿದ್ದೆವು. ಇರಾಕಿನಲ್ಲಿ ಹಸಿವಿಲ್ಲದ ವರ್ಷ ಒಂದೂ ಕಳೆಯಲಿಲ್ಲ ಎಂದು ಕವಿತೆ ಹೇಳುತ್ತದೆ. ಬರದಿಂದ ಹಸಿವು ಎಂದಿದ್ದರೆ ಅದರಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಇಲ್ಲಿ ಮಳೆಯಾಗಿದೆ, ಬೆಳೆಯಾಗಿದೆ, ಸುಗ್ಗಿಯೂ ಆಗಿದೆ. ಕಾಳು ಕಾಗೆಗಳ ಮತ್ತು ಮಿಡತೆಗಳ ಹೊಟ್ಟೆಗೆ ಹೋಗಿದೆ. ಆ ಕಾಗೆ ಮಿಡತೆಗಳು ಯಾರೆಂದು ಆ ಕಾಲದ ಇರಾಕಿನ ಓದುಗರಿಗೆ ಗೊತ್ತಿತ್ತು. ದಕ್ಷಿಣದ ನೆಲ ದೊಡ್ಡ ದೊಡ್ಡ ಶೇಖ್‌ಗಳ, ಅಂದರೆ ಬುಡಕಟ್ಟಿನ ಮುಖಂಡರ, ಕೈಯಲ್ಲಿತ್ತು. 1933ರ ಕಾನೂನು, ಸಾಲ ಉಳಿಸಿಕೊಂಡ ರೈತ ಒಡೆಯನ ನೆಲ ಬಿಟ್ಟು ಹೋಗದಂತೆ ಕಟ್ಟಿಹಾಕಿತ್ತು. 1958ರ ಜುಲೈನಲ್ಲಿ ರಾಜಪ್ರಭುತ್ವ ಬಿದ್ದ ಮೇಲಷ್ಟೇ ಅಲ್ಲಿ ಭೂಸುಧಾರಣೆಯ ಕಾನೂನು ಬಂತು.

ಈ ಕವಿತೆ ಅಚ್ಚಾಗುವುದಕ್ಕೆ ಮೂರು ವರ್ಷ ಮೊದಲು, 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅಳತೆಯ ಪ್ರಶ್ನೆ ಎತ್ತಿ ಸತ್ಯಾಗ್ರಹಕ್ಕೆ ಇಳಿದರು. ಮಲೆನಾಡಿನಲ್ಲಿ ಮಳೆಗೆ ಎಂದೂ ಬರವಿರಲಿಲ್ಲ, ಗದ್ದೆ ಬೆಳೆಯದೆ ಇರಲಿಲ್ಲ. ಅಳೆದು ಕೊಟ್ಟ ಮೇಲೆ ಕಣದಲ್ಲಿ ಎಷ್ಟು ಉಳಿಯಿತು ಎಂಬುದಷ್ಟೇ ಪ್ರಶ್ನೆಯಾಗಿತ್ತು. ಎರಡು ನಾಡಿನ ಕಥೆ ಒಂದೇ ಎಂದು ನಾನು ಹೇಳುವುದಿಲ್ಲ. ಇಲ್ಲಿನ ಹಿಡುವಳಿ ಬೇರೆ, ಅಲ್ಲಿನ ಶೇಖ್‌ಗಳ ಆಳ್ವಿಕೆ ಬೇರೆ. ಆದರೆ ನೆಲ ಹಸಿರಾದಾಗಲೂ ಹೊಟ್ಟೆ ಹಸಿದಿರುವುದು ಹೇಗೆಂದು ಹೊಸನಗರದವರಿಗೆ ಬೇರೆ ದೇಶದಿಂದ ಉದಾಹರಣೆ ತರಬೇಕಾಗಿಲ್ಲ ಎಂದಷ್ಟೇ ನನ್ನ ಮಾತು.

ಕವಿತೆಯಲ್ಲಿ ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುವ ಎರಡು ಕಡೆಗಳಿವೆ. ಊರು ಬಿಡುವ ರಾತ್ರಿ ಎಷ್ಟೊಂದು ಅತ್ತೆವು, ಯಾರಾದರೂ ಬೈದಾರೆಂದು ಹೆದರಿ ಅದನ್ನು ಮಳೆಯ ಮೇಲೆ ಹಾಕಿದೆವು ಎನ್ನುವ ಸಾಲು ಒಂದು. ಇನ್ನೊಂದು, ಕೊಲ್ಲಿಯನ್ನು ಕರೆಯುವುದು. ‘ಓ ಕೊಲ್ಲಿಯೇ, ಮುತ್ತುಗಳನ್ನೂ ಚಿಪ್ಪುಗಳನ್ನೂ ಸಾವನ್ನೂ ಕೊಡುವವನೇ’ ಎಂದು ಕವಿ ಕೂಗುತ್ತಾರೆ. ಬಿಕ್ಕಿನಂತೆ ಮರುದನಿ ಬರುತ್ತದೆ: ‘ಓ ಕೊಲ್ಲಿಯೇ, ಚಿಪ್ಪುಗಳನ್ನೂ ಸಾವನ್ನೂ ಕೊಡುವವನೇ.’ ಗಮನಿಸಿದಿರಾ? ಕರೆದ ಮಾತಿನಲ್ಲಿ ಮೂರು ವಸ್ತುಗಳಿದ್ದವು, ಮರುದನಿಯಲ್ಲಿ ಎರಡೇ ಇವೆ. ಮುತ್ತು ಬರಲಿಲ್ಲ. ಯಾರು ತೆಗೆದುಕೊಂಡರು ಎಂದು ಕವಿ ಹೇಳುವುದಿಲ್ಲ. ಮೊದಲ ಸಲ ಓದಿದಾಗ ನಾನೂ ಇದನ್ನು ಮುದ್ರಣದೋಷವೆಂದೇ ಭಾವಿಸಿದ್ದೆ. ಸ್ನೇಹಿತರು ಮೂಲದ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ ಬಹಳ ಹೊತ್ತಿನವರೆಗೆ ಆ ಪುಟವನ್ನು ದಾಟಲು ನನ್ನಿಂದಾಗಲಿಲ್ಲ.

ಹಾಗೆಂದು ಕವಿತೆ ಹತಾಶೆಯದಲ್ಲ. ಮಳೆಯ ಒಂದೊಂದು ಹನಿಯಲ್ಲೂ ಹೂವಿನ ಗರ್ಭದ ಕೆಂಪೋ ಹಳದಿಯೋ ಇದೆ. ಹಸಿದವರ ಒಂದೊಂದು ಕಣ್ಣೀರ ಹನಿಯೂ ಹೊಸ ತುಟಿಗಾಗಿ ಕಾದಿರುವ ನಗೆ. ಮಳೆಯಿಂದ ಇರಾಕು ಹಸಿರಾಗುತ್ತದೆ ಎಂಬ ಮಾತು ಬರುತ್ತದೆ. ಅರಬ್ಬಿಯಲ್ಲಿ ಮಳೆಗೆ ಹಲವು ಪದಗಳಿವೆ. ಕುರ್‌ಆನಿನಲ್ಲಿ ‘ಮತರ್’ ಎಂಬುದು ಶಿಕ್ಷೆಯ ಮಳೆಯ ಸಂದರ್ಭದಲ್ಲೂ ‘ಘೈಸ್’ ಎಂಬುದು ಕರುಣೆಯ ಮಳೆಯ ಸಂದರ್ಭದಲ್ಲೂ ಬರುತ್ತದೆ ಎಂದು ಒಂಬತ್ತನೆಯ ಶತಮಾನದ ಲೇಖಕ ಅಲ್ ಜಾಹಿಜ್ ಗುರುತಿಸಿದ್ದರು, ಅವರೂ ಬಸ್ರಾದವರೇ. ಸಯ್ಯಾಬ್ ಆರಿಸಿಕೊಂಡದ್ದು ‘ಮತರ್’ ಎಂಬ ಪದವನ್ನು, ಮತ್ತು ಅದರೊಳಗೇ ಕರುಣೆಯನ್ನೂ ತುಂಬಿದರು. ತಾವು ‘ಅರ್ಧ ಸಂತೋಷ, ಅರ್ಧ ಭಯ’ ಎಂದು ಬರೆದಿರಲ್ಲ, ಅದೇ ಪದ ಅದು.

ಪ್ರಶ್ನೆ (ಶಿವಮೊಗ್ಗದ ಓದುಗರೊಬ್ಬರಿಂದ): ಈ ಕವಿ ಮೊದಲು ಕಮ್ಯುನಿಸ್ಟರಾಗಿದ್ದು ಆಮೇಲೆ ಅವರ ವಿರುದ್ಧವೇ ಬರೆದರಂತೆ. ಅಮೆರಿಕದ ಹಣವನ್ನೂ ಪಡೆದರಂತೆ. ಅಂಥವರ ‘ಹಸಿವಿನ ಕವಿತೆ’ಯನ್ನು ನಂಬುವುದು ಹೇಗೆ?

ಉತ್ತರ: ತಾವು ಕೇಳಿರುವುದರಲ್ಲಿ ಸಂಗತಿಗಳು ಬಹುಮಟ್ಟಿಗೆ ಸರಿ. 1950ರ ದಶಕದ ನಡುವಿನ ಹೊತ್ತಿಗೆ ಅವರು ಪಕ್ಷದಿಂದ ದೂರವಾದರು. 1959ರಲ್ಲಿ ಬಾಗ್ದಾದಿನ ಪತ್ರಿಕೆಯೊಂದರಲ್ಲಿ ‘ನಾನು ಕಮ್ಯುನಿಸ್ಟನಾಗಿದ್ದೆ’ ಎಂಬ ಹೆಸರಿನಲ್ಲಿ ಲೇಖನಮಾಲೆ ಬರೆದರು. ಅದನ್ನು ಓದಿದವರು, ಅದರಲ್ಲಿ ಕಹಿ ಹೆಚ್ಚು, ವಿಚಾರ ಕಡಿಮೆ ಎನ್ನುತ್ತಾರೆ. ಅವರ ಬರವಣಿಗೆಯಲ್ಲಿ ನಾನು ಮೆಚ್ಚದ ಭಾಗವೂ ಅದೇ. 1961ರಲ್ಲಿ ರೋಮಿನಲ್ಲಿ ನಡೆದ ಅರಬ್ಬಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಹೋಗಿದ್ದರು. ಆ ಸಮ್ಮೇಳನಕ್ಕೂ, ಬಳಿಕ ಅವರ ಚಿಕಿತ್ಸೆಗೂ ನೆರವಾದ ‘ಸಾಂಸ್ಕೃತಿಕ ಸ್ವಾತಂತ್ರ್ಯದ ಕಾಂಗ್ರೆಸ್’ ಎಂಬ ಸಂಸ್ಥೆಗೆ ಅಮೆರಿಕದ ಗುಪ್ತಚರ ಇಲಾಖೆಯಿಂದ ಹಣ ಬರುತ್ತಿತ್ತೆಂಬುದು 1966–67ರಲ್ಲಿ ಬಯಲಾಯಿತು. ಅಷ್ಟು ಹೊತ್ತಿಗೆ ಸಯ್ಯಾಬ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವರಿಗೆ ಬೇಕಾಗಿದ್ದದ್ದು ಔಷಧಿಯ ದುಡ್ಡು.

ಕವಿತೆಯನ್ನು ನಂಬುವ ಮಾತಿಗೆ ಬಂದರೆ, ದಯವಿಟ್ಟು ಅವರ ‘ಶಸ್ತ್ರಗಳು ಮತ್ತು ಮಕ್ಕಳು’ ಎಂಬ ನೀಳ್ಗವಿತೆಯನ್ನು ನೋಡಿ. ಬೀದಿಯಲ್ಲಿ ಹಳೆ ಕಬ್ಬಿಣ ಕೊಳ್ಳುವವನ ಕೂಗು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಮಕ್ಕಳು ಆಡುತ್ತಿರುವ ಬೀದಿಯಲ್ಲಿ ‘ಹಳೆ ಕಬ್ಬಿಣ’ ಎಂದು ಕೂಗುವ ಮನುಷ್ಯ ಒಯ್ಯುವ ಆ ಕಬ್ಬಿಣ ಮುಂದೆ ಏನಾಗುತ್ತದೆ, ಗುಂಡಾಗಿ ಯಾರ ಮೈ ಸೇರುತ್ತದೆ ಎಂಬುದು ಕವಿತೆಯ ಕಳವಳ. ಗುಜರಿ ಗಾಡಿಯ ಕೂಗಿನಲ್ಲಿ ಯುದ್ಧವನ್ನು ಕೇಳಿಸಿಕೊಂಡ ಕಿವಿಗೆ ಪಕ್ಷದ ಸದಸ್ಯತ್ವ ಇದ್ದರೂ ಅದೇ ಕಿವಿ, ಇಲ್ಲದಿದ್ದರೂ ಅದೇ ಕಿವಿ.

ಪ್ರಶ್ನೆ (ಭದ್ರಾವತಿಯಿಂದ): ಮುಸ್ಲಿಂ ಕವಿಯೊಬ್ಬರು ಕ್ರಿಸ್ತನ ಬಗ್ಗೆ, ಹಳೆಯ ದೇವತೆಗಳ ಬಗ್ಗೆ ಬರೆದದ್ದೇಕೆ?

ಉತ್ತರ: ಆ ದೇವತೆಗಳು ಅವರ ನೆಲದವರೇ. ವರ್ಷಕ್ಕೊಮ್ಮೆ ಸತ್ತು ಮತ್ತೆ ಬದುಕುವ ತಮ್ಮೂಜ್ ಎಂಬ ಬೆಳೆಯ ದೇವರು ಪ್ರಾಚೀನ ಮೆಸೊಪೊಟೇಮಿಯದವನು. ಇರಾಕಿನಲ್ಲಿ ಇಂದಿಗೂ ಜುಲೈ ತಿಂಗಳನ್ನು ‘ತಮ್ಮೂಜ್’ ಎಂದೇ ಕರೆಯುತ್ತಾರೆ. ಸ್ಕಾಟ್ಲೆಂಡಿನ ವಿದ್ವಾಂಸ ಫ್ರೇಜರ್‌ನ ಪುರಾಣ ಸಂ‌ಶೋಧನೆಯ ಒಂದು ಭಾಗವನ್ನು ಲೇಖಕ ಜಬ್ರಾ ಇಬ್ರಾಹಿಂ ಜಬ್ರಾ ಅರಬ್ಬಿಗೆ ತಂದ ಮೇಲೆ ಆ ಪೀಳಿಗೆಯ ಕವಿಗಳಿಗೆ ಈ ಕಥೆಗಳು ಹೊಸದಾಗಿ ಕಣ್ಣಿಗೆ ಬಿದ್ದವು. ಅವರನ್ನು ವಿಮರ್ಶಕರು ತಮ್ಮೂಜೀ ಕವಿಗಳೆಂದೇ ಕರೆದರು. ‘ಶಿಲುಬೆಯ ನಂತರ ಕ್ರಿಸ್ತ’ ಎಂಬ ಕವಿತೆಯಲ್ಲಿ ಸಯ್ಯಾಬ್ ಕ್ರಿಸ್ತನ ಬಾಯಲ್ಲಿ ಮಾತಾಡುತ್ತಾರೆ, ಆದರೆ ಅವನು ನೋಡುವ ಊರು ಜೈಕೂರ್. ಸೀಗೆ ಹುಣ್ಣಿಮೆಯಂದು ತುಂಬು ಗರ್ಭಿಣಿಯೆಂದು ಭೂಮಿಗೆ ಬಯಕೆಯ ಅಡುಗೆ ಮಾಡಿ, ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ದು ಬಡಿಸುವ ನಮಗೆ, ನೆಲಕ್ಕೂ ಸಾವು ಬಸಿರುಗಳಿವೆ ಎಂಬುದು ಯಾವ ಮತದ ಮಾತೂ ಅಲ್ಲ, ಬೇಸಾಯದ ಮಾತು.

ಪ್ರಶ್ನೆ (ಶೃಂಗೇರಿ ಸಮೀಪದ ಗೃಹಿಣಿಯೊಬ್ಬರಿಂದ): ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರೆಂದು ಓದಿ ಬೇಸರವಾಯಿತು. ಏನಾಗಿತ್ತು? ಸಂಸಾರವಿತ್ತೇ?

ಉತ್ತರ: ಇತ್ತು. 1955ರಲ್ಲಿ ಇಕ್ಬಾಲ್ ಎಂಬವರನ್ನು ಮದುವೆಯಾದರು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಮಗ ಘೈಲಾನ್ ‘ಬಾಬಾ’ ಎಂದು ಕರೆದ ದನಿಯಿಂದ ಶುರುವಾಗುವ ಕವಿತೆಯೊಂದಿದೆ. ಅದನ್ನು ಓದಿದರೆ ಇವರಿಗೂ ಸುಖದ ದಿನಗಳಿದ್ದವು ಎಂದು ಸಮಾಧಾನವಾಗುತ್ತದೆ. 1960ರಲ್ಲಿ ‘ಮಳೆಯ ಹಾಡು’ ಸಂಕಲನವಾಗಿ ಬಂತು, ಬೈರೂತಿನ ‘ಶಿಅರ್’ ಪತ್ರಿಕೆಯ ಬಹುಮಾನವೂ ಸಿಕ್ಕಿತು. ಆ ಹೊತ್ತಿಗೇ ಕಾಲುಗಳಲ್ಲಿ ಬಲ ಕುಂದತೊಡಗಿತ್ತು. ನರಗಳನ್ನು ಒಂದೊಂದಾಗಿ ಕೊಂದು ಸ್ನಾಯುಗಳನ್ನು ನಿಶ್ಚಲಗೊಳಿಸುವ, ಇಂದಿಗೂ ಪೂರ್ತಿ ಗುಣಪಡಿಸಲಾಗದ ಕಾಯಿಲೆ ಅದು. ಬೈರೂತ್, ಲಂಡನ್, ಪ್ಯಾರಿಸ್ ಎಂದು ಚಿಕಿತ್ಸೆಗಾಗಿ ಅಲೆದರು. ಲಂಡನ್ನಿನ ಆಸ್ಪತ್ರೆಯಲ್ಲಿ ಮಲಗಿ ಬರೆದ ಕವಿತೆಗಳಲ್ಲಿ ‘ಅಯ್ಯೂಬನ ಗ್ರಂಥ’ ಮುಖ್ಯವಾದದ್ದು. ಅಯ್ಯೂಬ್ ಎಂದರೆ ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಪ್ರವಾದಿ. ಬೈಬಲಿನಲ್ಲಿಯೂ ಕುರ್‌ಆನಿನಲ್ಲಿಯೂ ಬರುವವನು. ಕಷ್ಟ ಎಷ್ಟು ದಿನ ನಡೆದರೂ ನಿನಗೆ ಸ್ತುತಿ, ನೋವು ಎಷ್ಟು ಮೇಲೇರಿದರೂ ನಿನಗೆ ಸ್ತುತಿ ಎಂದು ಅದು ಆರಂಭವಾಗುತ್ತದೆ. ಯೌವನದಲ್ಲಿ ದೇವರ ಹೆಸರೆತ್ತದೆ ಹೋರಾಡಿದವರು ಕೊನೆಗೆ ಹೀಗೆ ಬರೆದರೆಂದು ಕೆಲವರು ಗೆದ್ದಂತೆ ಮಾತಾಡುತ್ತಾರೆ. ನನಗೆ ಅದರಲ್ಲಿ ಕೇಳಿಸುವುದು ಗೆಲುವೂ ಅಲ್ಲ, ಸೋಲೂ ಅಲ್ಲ. ರಾತ್ರಿಯಿಡೀ ಎಚ್ಚರವಿರುವ ರೋಗಿ ತನ್ನ ಮನೆಯನ್ನೂ ಮಕ್ಕಳನ್ನೂ ನೆನೆಯುವ ಸದ್ದು.

1964ರ ಜುಲೈನಲ್ಲಿ ಕುವೈತಿನ ಆಸ್ಪತ್ರೆಗೆ ಸೇರಿದರು. ಹನ್ನೆರಡು ವರ್ಷಗಳ ಹಿಂದೆ ಯಾವ ಊರಿನಲ್ಲಿ ಕುಳಿತು ಇರಾಕಿಗೆ ಮರಳಲು ಹಂಬಲಿಸಿದ್ದರೋ ಅದೇ ಊರಿನಲ್ಲಿ ಡಿಸೆಂಬರ್ 24ರಂದು ಕೊನೆಯುಸಿರೆಳೆದರು. ಮೂವತ್ತೆಂಟು ವರ್ಷ. ಕುವೈತಿನ ಕವಿಮಿತ್ರ ಅಲಿ ಅಲ್ ಸಬ್ತಿ ದೇಹವನ್ನು ಬಸ್ರಾಕ್ಕೆ ತಂದರು. ಜುಬೈರಿನ ಸ್ಮಶಾನದಲ್ಲಿ ಮಣ್ಣು ಮಾಡುವಾಗ ಇದ್ದವರು ಬೆರಳೆಣಿಕೆಯ ಜನ. ಅಂದು ಮಳೆ ಬರುತ್ತಿತ್ತು. ಈಗ ಬಸ್ರಾದಲ್ಲಿ ಶತ್ತುಲ್ ಅರಬ್‌ನ ದಂಡೆಯ ಮೇಲೆ ಅವರ ಪ್ರತಿಮೆ ನಿಂತಿದೆ.

ಪ್ರಶ್ನೆ (ಆಗುಂಬೆ ಕಡೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯಿಂದ): ಶಾಲೆಯಲ್ಲಿ ಮಳೆಗಾಲದ ಕವನ ವಾಚನವಿದೆ. ಆ ಅರಬ್ಬಿ ಪದವನ್ನು ಮೂರು ಸಲ ಹೇಗೆ ಹೇಳಬೇಕು, ತಿಳಿಸುವಿರಾ?

ಉತ್ತರ: ‘ಮ’ ಚಿಕ್ಕದಾಗಿ ಬರಲಿ, ಎಳೆಯಬೇಡ. ನಡುವಿನ ‘ತ’ ನಮ್ಮ ‘ತ’ಕ್ಕಿಂತ ದಪ್ಪ, ನಾಲಿಗೆಯ ತುದಿ ಹಲ್ಲಿನ ಹಿಂದೆಯೇ ಇರಲಿ, ನಾಲಿಗೆಯ ಹಿಂಭಾಗವನ್ನು ಸ್ವಲ್ಪ ಮೇಲೆತ್ತಿದರೆ ಆ ದನಿ ಬರುತ್ತದೆ. ಕೊನೆಯ ‘ರ್’ ಅನ್ನು ಉರುಳಿಸಿ ಬಿಟ್ಟುಬಿಡು, ‘ಮತರು’ ಎಂದು ಉಕಾರ ಸೇರಿಸಬೇಡ. ಒಂದು ಸಲ ಹೇಳಿದ ಮೇಲೆ ಸೂರಿನಿಂದ ಮುಂದಿನ ಹನಿ ಬೀಳುವಷ್ಟು ಹೊತ್ತು ನಿಲ್ಲು, ಆಮೇಲೆ ಎರಡನೆಯದು, ಮತ್ತೆ ಅಷ್ಟೇ ಹೊತ್ತು. ಮೂರನೆಯ ಸಲ ದನಿಯನ್ನು ಕೆಳಗಿಳಿಸಬೇಡಮ್ಮ. ಕವಿತೆಯ ಕಟ್ಟಕಡೆಯ ಸಾಲು ‘ಮಳೆ ಸುರಿಯುತ್ತಿದೆ’ ಎಂದು.